ಮಂಗನ ಕಾಯಿಲೆ ನೆಗೆಟಿವ್ ಬಂದರೆ ಅಲ್ಲಿಗೇ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ.

ಇತ್ತೀಚೆಗೆ ನಿಮ್ಮ ಆರೋಗ್ಯ ಪುಟದಲ್ಲಿ ಎಚ್‌ಐವಿ ಸೋಂಕಿನ ಲಕ್ಷಣಗಳ ಬಗ್ಗೆ ಒಂದು ಬರಹ ಬಂದಿತ್ತು. ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಕುತ್ತಿಗೆಯಲ್ಲಿ ಗಂಟು, ರಾತ್ರಿ ಬೆವರು, ತೂಕ ಇಳಿಯುವುದು, ನಿಲ್ಲದ ಭೇದಿ ಎಂದು ಸಾಲಾಗಿ ಬರೆದು, ಜೊತೆಗೆ ಒಂದನೇ ಹಂತ, ಎರಡನೇ ಹಂತ ಎಂದು ಭಾಗ ಮಾಡಿ ಕೊಟ್ಟಿದ್ದೀರಿ. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಮ್ಮ ಕಡೆಯ ಜನ ಅದನ್ನು ಹೇಗೆ ಓದುತ್ತಾರೆ ಅಂತ ನನಗೆ ಗೊತ್ತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಕತ್ತರಿಸುವುದಾದರೆ ನನ್ನ ಕಥೆಗಳನ್ನು ಕತ್ತರಿಸಿ, ಪರೀಕ್ಷೆಯ ಮಾತನ್ನು ಬಿಡಬೇಡಿ.

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸಂತೆಯಲ್ಲಿ ಸಿಕ್ಕವರು ಈಗಲೂ 'ರಕ್ತ ತೆಗೆಯೋ ಅಕ್ಕ' ಎಂದೇ ಮಾತಾಡಿಸುತ್ತಾರೆ. ಎಚ್‌ಐವಿ ಪರೀಕ್ಷೆಯ ಕೋಣೆಯಲ್ಲೂ ವರ್ಷಗಟ್ಟಲೆ ಕೂತಿದ್ದೇನೆ. ಲಕ್ಷಣಗಳ ಪಟ್ಟಿ ಓದಿಕೊಂಡು ಅಲ್ಲಿಗೆ ಬಂದವರನ್ನೂ ನೋಡಿದ್ದೇನೆ, ಪಟ್ಟಿ ಓದಿ 'ನಮಗೇನಿಲ್ಲ' ಎಂದು ಮನೆಯಲ್ಲೇ ಉಳಿದು ವರ್ಷಗಳ ನಂತರ ಸ್ಟ್ರೆಚರ್ ಮೇಲೆ ಬಂದವರನ್ನೂ ನೋಡಿದ್ದೇನೆ.

ಮೊದಲು ಜ್ವರದ ವಿಷಯ. ನಮ್ಮಲ್ಲಿ ಜ್ವರಕ್ಕೆ ಬರವಿಲ್ಲ. ಡಿಸೆಂಬರ್‌ನಿಂದ ಮುಂಗಾರು ಶುರುವಾಗುವವರೆಗೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ವೈರಸ್ ಉಣುಗು (ಉಣ್ಣೆ) ಕಚ್ಚಿ ಬರುವಂಥದ್ದು, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನ ಕಡೆಯವರನ್ನು ಕೇಳಿ, ಹೇಳುತ್ತಾರೆ. ಮಳೆ ಹಿಡಿದರೆ ಗದ್ದೆಗಿಳಿಯುವವರಿಗೆ ಇಲಿ ಜ್ವರ. ಮಳೆ ಬಿಟ್ಟು ಬಿಟ್ಟು ಬಂದರೆ ಡೆಂಗಿ, ಚಿಕೂನ್‌ಗುನ್ಯಾ. ಹಾಗಾಗಿ ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗಿ ಬಂದವನಿಗೆ ಜ್ವರ ಬಂತು ಎಂದರೆ ಆಶಾ ಕಾರ್ಯಕರ್ತೆ ಕೇಳುವ ಮೊದಲ ಪ್ರಶ್ನೆಯೇ 'ಉಣುಗು ಕಚ್ಚಿತ್ತಾ?' ಎಂದು. ಕೇಳಬೇಕಾದ ಪ್ರಶ್ನೆಯೇ ಅದು. ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಗುತ್ತದೆ. ನೆಗೆಟಿವ್ ಬರುತ್ತದೆ. ಅಷ್ಟರಲ್ಲಿ ಜ್ವರವೂ ಇಳಿದಿರುತ್ತದೆ. ಮನೆಯವರು ಉಸ್ಸಪ್ಪಾ ಎನ್ನುತ್ತಾರೆ. ಆ ಜ್ವರ ಯಾವುದಾಗಿತ್ತು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಎಚ್‌ಐವಿ ದೇಹಕ್ಕೆ ಸೇರಿದ ಮೇಲೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಬರುವುದೂ ಇಂಥದ್ದೇ ಜ್ವರ. ಮೈಕೈ ನೋವು, ತಲೆನೋವು, ಗಂಟಲು ನೋವು ಇರುತ್ತವೆ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಂಟು ಕಾಣಿಸಬಹುದು. ಎದೆ, ಬೆನ್ನಿನ ಮೇಲೆ ಸಣ್ಣ ಕೆಂಪು ದದ್ದು ಏಳಬಹುದು. ಬಾಯಿಯಲ್ಲಿ ಹುಣ್ಣಾಗಬಹುದು. ಕೆಲವರಿಗೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕೂಡ ಸ್ವಲ್ಪ ಇಳಿಯುತ್ತವೆ. ಈಗ ಹೇಳಿ, ಪ್ಲೇಟ್‌ಲೆಟ್ ಇಳಿದಿದೆ ಎಂದರೆ ನಮ್ಮೂರಿನಲ್ಲಿ ಯಾರಿಗೆ ಎಚ್‌ಐವಿ ನೆನಪಾಗುತ್ತದೆ? ಡೆಂಗಿ ಎಂದು ಪಪ್ಪಾಯಿ ಎಲೆಯ ರಸ ಕುಡಿಸುತ್ತಾರೆ. ಒಂದೆರಡು ವಾರದಲ್ಲಿ ಎಲ್ಲ ತಾನಾಗಿಯೇ ಹೋಗುತ್ತದೆ, ಪಪ್ಪಾಯಿಗೆ ಹೆಸರು ಬರುತ್ತದೆ. ಇನ್ನು ಕೆಲವರಿಗೆ ಈ ಜ್ವರ ಬರುವುದೇ ಇಲ್ಲ. ಬಂದರೂ ಒಂದು ಕ್ರೋಸಿನ್ ಮಾತ್ರೆಯಲ್ಲಿ ಮುಗಿದು ಹೋಗುವಷ್ಟು ಸಣ್ಣದಾಗಿ ಬರುತ್ತದೆ.

ಮೈ ನೋಡಿ ಇದನ್ನು ಬೇರೆ ಜ್ವರದಿಂದ ಬೇರ್ಪಡಿಸಲು ನನ್ನಿಂದ ಆಗುವುದಿಲ್ಲ. ಒಳ್ಳೊಳ್ಳೆ ಡಾಕ್ಟರಿಗೂ ಕಷ್ಟ. ಬೇರ್ಪಡಿಸುವುದು ಒಂದೇ ಒಂದು ಪ್ರಶ್ನೆ: ಹಿಂದಿನ ಒಂದು ತಿಂಗಳಲ್ಲಿ ಕಾಂಡೋಮ್ ಇಲ್ಲದೆ ದೇಹಸಂಪರ್ಕ ಆಗಿತ್ತಾ, ಯಾರೋ ಬಳಸಿದ ಸೂಜಿ ಚುಚ್ಚಿಸಿಕೊಂಡಿದ್ದಿರಾ? ಉಣುಗಿನ ಪ್ರಶ್ನೆ ಕೇಳಿದಷ್ಟೇ ಸಲೀಸಾಗಿ ಈ ಪ್ರಶ್ನೆಯನ್ನೂ ಕೇಳುವ ಡಾಕ್ಟರುಗಳು ಜಾಸ್ತಿ ಆಗಬೇಕು. ಈಗ ಕೇಳುವವರು ಕಡಿಮೆ. ಹೆಂಡತಿ ಪಕ್ಕದಲ್ಲಿ ನಿಂತಿರುತ್ತಾಳೆ, ಹೊರಗೆ ಸಾಲು ಇರುತ್ತದೆ, ಡಾಕ್ಟರೂ ಅದೇ ಊರಿನವರಾಗಿರುತ್ತಾರೆ. ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ರೋಗಿಯನ್ನು ಒಂದು ನಿಮಿಷ ಒಬ್ಬನನ್ನೇ ಒಳಗೆ ಕೂರಿಸಿಕೊಂಡರೆ ಸಾಕು, ಅಲ್ವಾ?

ಇಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಬರಹದಲ್ಲಿ ಇದು ಬಂದಿರಲಿಲ್ಲ. ಈ ಮೊದಲ ಜ್ವರದ ದಿನಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಇರುತ್ತದೆ. ಬೇರೆಯವರಿಗೆ ಹರಡುವ ಸಾಧ್ಯತೆಯೂ ಆಗ ತುಂಬಾ ಜಾಸ್ತಿ. ಆದರೆ ನಮ್ಮ ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ. ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುತ್ತದೆ. ಪ್ರತಿಕಾಯ ತಯಾರಾಗಲು ಕೆಲವು ವಾರ ಬೇಕು, ಕೆಲವರಲ್ಲಿ ಮೂರು ತಿಂಗಳವರೆಗೂ ಬೇಕಾಗುತ್ತದೆ. ಅಲ್ಲಿಯವರೆಗೆ ಒಳಗೆ ಸೋಂಕಿದ್ದರೂ ವರದಿ ನೆಗೆಟಿವ್ ಬರಬಹುದು. ನಾವು ಇದನ್ನು ವಿಂಡೋ ಪಿರಿಯಡ್ ಎನ್ನುತ್ತೇವೆ. ಹೋದ ವಾರ ತಪ್ಪಾಯಿತು, ಈ ವಾರ ಪರೀಕ್ಷೆ ಮಾಡಿಸಿದೆ, ನೆಗೆಟಿವ್, ಬಚಾವಾದೆ ಎಂದು ಹೋದವರು ಹಲವರು. ಕೌನ್ಸೆಲರ್ 'ಮೂರು ತಿಂಗಳಿಗೆ ಮತ್ತೆ ಬನ್ನಿ' ಎಂದು ಹೇಳಿ ಕಳಿಸಿರುತ್ತಾರೆ. ನೆಗೆಟಿವ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಹೋದಾಗ ಯಾವ ದಿನ ಏನಾಯಿತು ಎಂಬುದನ್ನು ಬಾಯಿ ಬಿಟ್ಟು ಹೇಳಿ. ಯಾರ ಜೊತೆ ಎಂಬ ಹೆಸರು ಬೇಕಾಗಿಲ್ಲ, ದಿನಾಂಕ ಮುಖ್ಯ.

ಮತ್ತೊಂದು, ಆದದ್ದು ನಿನ್ನೆ ಮೊನ್ನೆಯಾಗಿದ್ದರೆ ಲಕ್ಷಣಕ್ಕೆ ಕಾಯುತ್ತಾ ಕೂರಬೇಡಿ. 72 ಗಂಟೆಯೊಳಗೆ ಶುರು ಮಾಡಿದರೆ ಸೋಂಕು ನೆಲೆಯೂರದಂತೆ ತಡೆಯುವ ಮಾತ್ರೆಗಳಿವೆ. 28 ದಿನ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಲ್ಯಾಬಿನಲ್ಲಿ ಸೂಜಿ ಚುಚ್ಚಿಕೊಂಡರೆ ನಾವು ಓಡುತ್ತಿದ್ದದ್ದು ಇದಕ್ಕೇ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಿಗೂ ಇದನ್ನು ಕೊಡಬೇಕು. ಮನೆಯವರು ಪೊಲೀಸ್ ಠಾಣೆಗೆ ಹೋಗಬೇಕೋ ಬೇಡವೋ ಎಂದು ಚರ್ಚೆ ಮಾಡುವುದರಲ್ಲೇ ಈ ಮೂರು ದಿನ ಕಳೆದುಹೋಗುತ್ತದೆ. ದೂರಿನ ವಿಷಯ ಆಮೇಲೆ ನೋಡಿದರೂ ಆಗುತ್ತದೆ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಇನ್ನು ಆ ಮೊದಲ ಜ್ವರ ಹೋದ ಮೇಲಿನ ಕಾಲ ಇದೆಯಲ್ಲ, ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಅದೇ ಅದರ ಅಪಾಯ. ಔಷಧಿ ತೆಗೆದುಕೊಳ್ಳದಿದ್ದರೂ ಸರಾಸರಿ ಎಂಟು ಹತ್ತು ವರ್ಷ ಮನುಷ್ಯ ಆರಾಮಾಗಿ ಇರುತ್ತಾನೆ. ಕೆಲವರಿಗೆ ಕಡಿಮೆ, ಕೆಲವರಿಗೆ ಇನ್ನೂ ಜಾಸ್ತಿ. ಒಳಗೆ ಮಾತ್ರ ವೈರಸ್ ನಮ್ಮ ರೋಗನಿರೋಧಕ ಶಕ್ತಿಯ ಮುಖ್ಯ ಕಣಗಳಾದ ಸಿಡಿ4 ಕಣಗಳನ್ನು ನಿಧಾನಕ್ಕೆ ಮುಗಿಸುತ್ತಾ ಇರುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕಣಗಳು 500ರಿಂದ 1500ರವರೆಗೆ ಇರುತ್ತವೆ. ಅದು 200ಕ್ಕಿಂತ ಕೆಳಗೆ ಇಳಿದರೆ ಏಡ್ಸ್ ಎನ್ನುತ್ತೇವೆ. ಎಚ್‌ಐವಿ ಇದ್ದವರೆಲ್ಲ ಏಡ್ಸ್ ರೋಗಿಗಳಲ್ಲ. ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲರೂ ಇದನ್ನು ಬೆರೆಸಿ ಬರೆಯುವುದು ನಿಂತಿಲ್ಲ.

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಮೊದಲ ಬಸುರಿ. ತಾಯಿ ಕಾರ್ಡ್ ಮಾಡಿಸಿದಾಗ ಎಲ್ಲರಿಗೂ ಮಾಡುವಂತೆ ಅವಳ ರಕ್ತವನ್ನೂ ಪರೀಕ್ಷೆ ಮಾಡಿದರು. ಪಾಸಿಟಿವ್. ಗಟ್ಟಿಮುಟ್ಟಾದ ಹುಡುಗಿ, ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತು ಗಂಟೆಯವರೆಗೆ ಅಡಿಕೆ ಸುಲಿಯುತ್ತಿದ್ದವಳು. ಅವಳ ಅತ್ತೆ ನನ್ನ ಮುಂದೆ ನಿಂತು, 'ಅಲ್ಲ ಅಕ್ಕಾ, ಇವಳಿಗೆ ಮದುವೆಯಾಗಿ ಬಂದ ಮೇಲೆ ಒಂದು ನೆಗಡಿ ಆದದ್ದು ನಾನು ಕಾಣೆ. ನಿಮ್ಮ ಮಿಷಿನ್ನೇ ಸರಿ ಇಲ್ಲ ಮಾರಾಯ್ರೆ' ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಾಯಿಲೆ ಎಂದರೆ ಮೈಮೇಲೆ ಕಾಣಬೇಕು ಎಂದು ನಾವೇ ಪೋಸ್ಟರ್ ಅಂಟಿಸಿ ಕಲಿಸಿದ್ದು. ಗಂಡನನ್ನೂ ಕರೆಸಿದರು. ಅವನೂ ಪಾಸಿಟಿವ್, ಅವನಿಗೂ ಏನೂ ತೊಂದರೆ ಇರಲಿಲ್ಲ. ಮದುವೆಗೆ ಮೊದಲು ಬೇರೆ ಊರಿನಲ್ಲಿ ದುಡಿಯುತ್ತಿದ್ದಾಗ ಒಮ್ಮೆ ಜೋರು ಜ್ವರ ಬಂದಿತ್ತಂತೆ. ಟೈಫಾಯಿಡ್ ಎಂದಿದ್ದರಂತೆ.

ಅವಳಿಗೆ ಆಗಲೇ ಮಾತ್ರೆ ಶುರುವಾಯಿತು. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಮಗುವಿಗೆ ಆರು ವಾರ ಸಿರಪ್ ಹಾಕಿದರು, ಪರೀಕ್ಷೆಗಳನ್ನು ಮಾಡಿದರು, 18 ತಿಂಗಳಿಗೆ ಕೊನೆಯ ಪರೀಕ್ಷೆ. ಮಗುವಿಗೆ ಸೋಂಕು ಬಂದಿರಲಿಲ್ಲ. ಏನೂ ಮಾಡದೆ ಬಿಟ್ಟರೆ ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 15ರಿಂದ 45ರಷ್ಟು. ತಾಯಿ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಹುಡುಗಿ ಲಕ್ಷಣಕ್ಕೆ ಕಾದಿದ್ದರೆ ಏನಾಗುತ್ತಿತ್ತು ಲೆಕ್ಕ ಹಾಕಿ. ನಮ್ಮ ಲ್ಯಾಬಿಗೆ ಬಂದ ಹೆಂಗಸರಲ್ಲಿ ಜಾಸ್ತಿ ಜನರಿಗೆ ಸೋಂಕು ಬಂದದ್ದು ಗಂಡನಿಂದ, ಗೊತ್ತಾದದ್ದು ಬಸುರಿಯಾದಾಗ. ಬಸುರಿ ಆಗದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಲಕ್ಷಣಗಳು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಈ ಸದ್ದಿಲ್ಲದ ವರ್ಷಗಳು ಕಳೆದ ಮೇಲೆ. ಆಗಲೂ ಅವು 'ನಾನು ಎಚ್‌ಐವಿ' ಎಂದು ಹೆಸರು ಹೇಳಿಕೊಂಡು ಬರುವುದಿಲ್ಲ. ನಮ್ಮಲ್ಲಿ ಅದಕ್ಕೆಲ್ಲ ಮೊದಲೇ ಬೇರೆ ಕಾರಣಗಳು ಸಿದ್ಧ ಇರುತ್ತವೆ. ಸರ್ಪಸುತ್ತು ನೋಡಿ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿ ಕೂತಿದ್ದು, ಶಕ್ತಿ ಕುಂದಿದಾಗ ಎದ್ದು ಬರುವುದೇ ಸರ್ಪಸುತ್ತು. ಸೊಂಟದ ಒಂದು ಬದಿಗೋ ಎದೆಯ ಒಂದು ಬದಿಗೋ ಉರಿ ಉರಿ ಗುಳ್ಳೆ. ಎಪ್ಪತ್ತರ ಅಜ್ಜನಿಗೆ ಬಂದರೆ ಆಶ್ಚರ್ಯವಿಲ್ಲ. ಮೂವತ್ತರ ಹುಡುಗನಿಗೆ ಬಂದರೆ, ಅದೂ ಎರಡನೇ ಸಲ ಬಂದರೆ, ಒಂದು ಎಚ್‌ಐವಿ ಪರೀಕ್ಷೆ ಆಗಲೇಬೇಕು. ಆದರೆ ನಮ್ಮಲ್ಲಿ ಅದು ನಾಗನ ದೋಷ. ಮೈಗೆ ಕೆಮ್ಮಣ್ಣು ಬಳಿಸಿಕೊಂಡು, ಹರಕೆ ಹೊತ್ತು, ವಾಸಿಯಾದ ಮೇಲೆ ಹಾಲೆರೆದು ಬರುತ್ತಾರೆ. ಹರಕೆಗೆ ನನ್ನ ತಕರಾರಿಲ್ಲ, ನಾನೂ ಹೊತ್ತಿದ್ದೇನೆ. ಬರುವ ದಾರಿಯಲ್ಲಿ ಆಸ್ಪತ್ರೆಗೂ ಒಮ್ಮೆ ಹೊಕ್ಕು ಬನ್ನಿ ಅಂತಷ್ಟೇ. ಸರ್ಪಸುತ್ತು ಬಂದವರಿಗೆಲ್ಲ ಎಚ್‌ಐವಿ ಇರುತ್ತದೆ ಎಂದು ದಯವಿಟ್ಟು ಯಾರೂ ಓದಿಕೊಳ್ಳಬೇಡಿ. ಬಹಳ ಜನರಿಗೆ ಇರುವುದಿಲ್ಲ.

ಬಾಯಿಯ ಕಥೆಯೂ ಹಾಗೇ. ರೋಗನಿರೋಧಕ ಶಕ್ತಿ ಇಳಿದಾಗ ನಾಲಿಗೆ, ಅಂಗುಳ, ಕೆನ್ನೆಯ ಒಳಬದಿಯಲ್ಲಿ ಒಡೆದ ಹಾಲಿನಂಥ ಬಿಳಿ ಪದರ ಕಟ್ಟುತ್ತದೆ. ಅದು ಶಿಲೀಂಧ್ರ. ಕೆರೆದರೆ ಬರುತ್ತದೆ, ಕೆಳಗೆ ಕೆಂಪಗೆ ಇರುತ್ತದೆ. ಆದರೆ ನಾವು ಮೂರು ಹೊತ್ತೂ ಎಲೆ ಅಡಿಕೆಯ ಕವಳ ಹಾಕುವ ಜನ. ಬಾಯಿ ಬೆಳ್ಳಗಾದರೆ ಸುಣ್ಣ ಜಾಸ್ತಿ ಆಯಿತು, ಉರಿದರೆ ಹೊಗೆಸೊಪ್ಪು ಖಾರ ಇತ್ತು ಎನ್ನುತ್ತೇವೆ. ಹೊಗೆಸೊಪ್ಪಿನಿಂದ ಬರುವ ಬಿಳಿ ಕಲೆ ಕೆರೆದರೆ ಹೋಗುವುದಿಲ್ಲ. ಅದು ಕ್ಯಾನ್ಸರ್‌ಗೆ ತಿರುಗಬಹುದು, ಅದನ್ನೂ ತೋರಿಸಬೇಕು. ಒಟ್ಟಿನಲ್ಲಿ ಬಾಯಿಯಲ್ಲಿ ಬಿಳಿ ಇದ್ದು ಎರಡು ವಾರಕ್ಕೂ ಹೋಗದಿದ್ದರೆ ಕನ್ನಡಿ ಮುಂದೆ ನಿಂತು ನೀವೇ ತೀರ್ಮಾನ ಮಾಡಬೇಡಿ.

ತೂಕ ಇಳಿದರೆ ಸಕ್ಕರೆ ಕಾಯಿಲೆ ಇರಬೇಕು ಎನ್ನುತ್ತಾರೆ. ಸಕ್ಕರೆ ಪರೀಕ್ಷೆ ಸರಿ ಬಂದರೆ ಚಿಂತೆ ಜಾಸ್ತಿ ಮಾಡ್ತಾನೆ ಎನ್ನುತ್ತಾರೆ. ಅರವತ್ತು ಕಿಲೋ ಇದ್ದವರು ಕಾರಣವಿಲ್ಲದೆ ಆರು ಕಿಲೋಗಿಂತ ಜಾಸ್ತಿ ಇಳಿದಿದ್ದರೆ, ಜ್ವರವೋ ಭೇದಿಯೋ ತಿಂಗಳು ದಾಟಿದ್ದರೆ, ಅಲ್ಲಿಗೆ ಸೋಂಕು ಮುಂದುವರಿದ ಹಂತಕ್ಕೆ ಬಂದಿರಬಹುದು. ಕ್ಷಯ ಬಂದವರೆಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡಬೇಕು ಎಂಬ ನಿಯಮ ಇದೆ. ಎಚ್‌ಐವಿ ಇರುವವರ ಜೀವ ತೆಗೆಯುವುದರಲ್ಲಿ ಕ್ಷಯವೇ ಮೊದಲು. ಅವರಲ್ಲಿ ಕಫದ ಪರೀಕ್ಷೆಯಲ್ಲಿ ಕ್ಷಯ ಸಿಗದೆ ತಪ್ಪಿಸಿಕೊಳ್ಳುವುದೂ ಇದೆ. ಅದರಾಚೆಯ ಕೊನೆಯ ಹಂತದಲ್ಲಿ ಮಿದುಳು ಪೊರೆಯ ಸೋಂಕು, ಉಸಿರು ಕಟ್ಟುವ ಒಂದು ಬಗೆಯ ನ್ಯುಮೋನಿಯಾ, ನುಂಗಲಾಗದಂತೆ ಅನ್ನನಾಳದಲ್ಲಿ ಶಿಲೀಂಧ್ರ. ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆ ಹಂತಕ್ಕೆ ಬಂದವರನ್ನು ಮನೆಯವರು ಹೇಗೂ ಆಸ್ಪತ್ರೆಗೆ ತಂದೇ ತರುತ್ತಾರೆ. ಅಲ್ಲಿಂದಲೂ ಎದ್ದು ಹೋಗಿ ತೋಟಕ್ಕೆ ಮದ್ದು ಹೊಡೆಯುವವರನ್ನು ನಾನು ಕಂಡಿದ್ದೇನೆ. ಆದರೆ ಎಲ್ಲರೂ ಏಳುವುದಿಲ್ಲ.

ಹಂತಗಳ ಈ ಲೆಕ್ಕ ಎಲ್ಲಿಂದ ಬಂತು ಎಂದು ನಿಮ್ಮ ಓದುಗರಿಗೆ ಹೇಳಿದ್ದರೆ ಚೆನ್ನಾಗಿತ್ತು. ಒಂದರಿಂದ ನಾಲ್ಕರವರೆಗಿನ ಹಂತಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಮಾಡಿತು. ಸಿಡಿ4 ಎಣಿಸುವ ಯಂತ್ರ ಇಲ್ಲದ ಊರುಗಳಲ್ಲಿ, ರೋಗ ಎಲ್ಲಿಯವರೆಗೆ ಬಂದಿದೆ ಎಂದು ಡಾಕ್ಟರ್ ಮೈ ನೋಡಿ ಅಂದಾಜು ಮಾಡಲಿ ಎಂದು. ಅದೂ ಸೋಂಕು ಇದೆ ಎಂದು ಮೊದಲೇ ಗೊತ್ತಾದವರಿಗೆ. ಸೋಂಕು ಇದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ಪತ್ತೆ ಮಾಡಲು ಅದನ್ನು ಮಾಡಿದ್ದಲ್ಲ. ನಮ್ಮ ದೇಶದಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಶುರು ಮಾಡಿದ್ದು 2004ರ ಏಪ್ರಿಲ್ 1ಕ್ಕೆ, ಕೆಲವೇ ಆಸ್ಪತ್ರೆಗಳಲ್ಲಿ. ಆಗ ಸಿಡಿ4 200ಕ್ಕಿಂತ ಕೆಳಗೆ ಬಂದವರಿಗೆ, ಇಲ್ಲವೇ ಕೊನೆಯ ಹಂತಗಳಲ್ಲಿ ಇದ್ದವರಿಗೆ ಮೊದಲು ಮಾತ್ರೆ. 'ಇನ್ನೂ ಸ್ವಲ್ಪ ಇಳಿಯಲಿ, ಆಮೇಲೆ ಬನ್ನಿ' ಎಂದು ವಾಪಸು ಕಳಿಸಬೇಕಾಗುತ್ತಿತ್ತು. ಅಂಥ ಮಾತು ಕೇಳಿಸಿಕೊಂಡು ಬಸ್ ಹತ್ತಿದವರ ಮುಖ ಮರೆಯಲು ಆಗುವುದಿಲ್ಲ. ಆಮೇಲೆ ಆ ಗೆರೆ 350ಕ್ಕೆ ಏರಿತು, 500ಕ್ಕೆ ಏರಿತು. 2017ರಿಂದ ಗೆರೆಯೇ ಇಲ್ಲ. ಪಾಸಿಟಿವ್ ಎಂದು ಗೊತ್ತಾದ ಯಾರಿಗೇ ಆಗಲಿ, ಯಾವ ಹಂತವೇ ಇರಲಿ, ಮಾತ್ರೆ ಶುರು. ಹಂತ ಈಗಲೂ ಡಾಕ್ಟರಿಗೆ ಬೇಕು. ನಿಮಗೆ ನಮಗೆ ಬೇಕಾದದ್ದು ಪರೀಕ್ಷೆ.

ಇನ್ನೊಂದು ಬಗೆಯ ಓದುಗರೂ ಇದ್ದಾರೆ. ನಿಮ್ಮ ಪಟ್ಟಿ ಹೆದರಿಸುವುದು ಅವರನ್ನು. ನಿಮ್ಮ ಬರಹ ಬಂದ ವಾರ ನಮ್ಮ ಕೇರಿಯ ಒಬ್ಬ ಹುಡುಗ ಮನೆಗೆ ಬಂದ. ಬೆಂಗಳೂರಿನಲ್ಲಿ ಕೆಲಸ, ಹಬ್ಬಕ್ಕೆ ಬಂದವನು. ಮೊಬೈಲಿನ ಟಾರ್ಚ್ ಹಾಕಿ ನಾಲಿಗೆ ತೋರಿಸಿದ, ಕುತ್ತಿಗೆ ಮುಟ್ಟಿಸಿದ. ಯಾವಾಗಿನಿಂದ ಅಂದೆ. ಓದಿದಾಗಿನಿಂದ ಅಂದ! ನಗು ಬಂತು, ತಡೆದುಕೊಂಡೆ. ಅವನ ಹೆದರಿಕೆಯ ಹಿಂದೆ ವರ್ಷದ ಹಿಂದಿನ ಒಂದು ರಾತ್ರಿ ಇತ್ತು. ಅಷ್ಟು ದಿನ ಒಳಗೊಳಗೇ ಬೆಂದು, ರಾತ್ರಿ ನಿದ್ದೆಗೆಟ್ಟು, ನಿಜಕ್ಕೂ ತೂಕ ಇಳಿಸಿಕೊಂಡಿದ್ದ. ಪರೀಕ್ಷೆ ಮಾಡಿಸಿದ. ನೆಗೆಟಿವ್. ವರ್ಷ ದಾಟಿದ್ದರಿಂದ ವಿಂಡೋ ಪಿರಿಯಡ್ ಪ್ರಶ್ನೆಯೂ ಇಲ್ಲ. ಇಂಥವರಿಗೆ ಲಕ್ಷಣ ಓದಿದಷ್ಟೂ ಲಕ್ಷಣ ಬರುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಒಂದು ವರ್ಷದ ನಿದ್ದೆ ಹೋಗಿತ್ತು.

ಪರೀಕ್ಷೆಗೆ ಯಾಕೆ ಬರುವುದಿಲ್ಲ ಎಂದು ನನ್ನನ್ನು ಕೇಳಿದರೆ, ರೋಗದ ಹೆದರಿಕೆಗಿಂತ ಊರಿನ ಹೆದರಿಕೆ ದೊಡ್ಡದು. ಸಣ್ಣ ಊರು. ಬಸ್ಸಿನ ಕಂಡಕ್ಟರ್ ಪರಿಚಯ, ಚೀಟಿ ಕೊಡುವವಳು ನಾದಿನಿಯ ಗೆಳತಿ, ರಕ್ತ ತೆಗೆಯುವವಳು ನಾನು. ಕೋಣೆಯ ಬಾಗಿಲ ಮೇಲೆ ಐಸಿಟಿಸಿ ಎಂದು ಬರೆದಿರುತ್ತದೆ, ಅದು ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರ ಎಂದು ಊರಿಗೆಲ್ಲ ಗೊತ್ತು. ಹಾಗಿದ್ದರೆ ನಮ್ಮೂರಲ್ಲಿ ಬೇಡ. ತೀರ್ಥಹಳ್ಳಿಯವರು ಶಿವಮೊಗ್ಗದಲ್ಲಿ ಮಾಡಿಸಿ, ಸಾಗರದವರು ಭದ್ರಾವತಿಯಲ್ಲಿ ಮಾಡಿಸಿ. ಯಾವ ಸರ್ಕಾರಿ ಐಸಿಟಿಸಿಯಲ್ಲಿ ಬೇಕಾದರೂ ಆಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಒಪ್ಪಿಗೆ ಕೇಳುತ್ತಾರೆ. ಆಮೇಲೆ ರಕ್ತ. ಮೊದಲ ಪರೀಕ್ಷೆಯಲ್ಲಿ ಸೋಂಕು ಕಂಡರೆ ಅಷ್ಟಕ್ಕೇ ಪಾಸಿಟಿವ್ ಎಂದು ಬರೆದು ಕೊಡುವುದಿಲ್ಲ. ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಲ್ಲೂ ಬಂದರೆ ಮಾತ್ರ ಪಾಸಿಟಿವ್. ಅತ್ತೆಯವರ 'ಮಿಷಿನ್ನೇ ಸರಿ ಇಲ್ಲ' ಎಂಬ ಅನುಮಾನಕ್ಕೆ ಉತ್ತರ ಇದೇ.

ಗುಟ್ಟು ಕಾಯುವುದು ಈಗ ಬರೀ ಸಿಬ್ಬಂದಿಯ ಒಳ್ಳೆಯತನದ ಮೇಲೆ ನಿಂತಿಲ್ಲ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ವಿಷಯ ಹೊರಗೆ ಹೇಳುವಂತಿಲ್ಲ, ಸೋಂಕಿದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಹೀಗಿದ್ದೂ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಪರಿಚಯದವರೊಬ್ಬರ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು ಮಂಚಕ್ಕೆ ನೇತುಹಾಕಿದ್ದರು. ನೋಡಲು ಬಂದ ನೆಂಟರಿಗೆಲ್ಲ ಗೊತ್ತಾಯಿತು. ಕಾಯ್ದೆ ಬಂದ ಮೇಲೆಯೇ ನಡೆದದ್ದು ಇದು. ಇಂಥದ್ದನ್ನು ನೋಡಿದವರು ಪರೀಕ್ಷೆಗೆ ಬರುತ್ತಾರಾ?

ಪಾಸಿಟಿವ್ ಬಂದರೆ ಮುಂದೇನು ಎಂಬುದನ್ನು ನಿಮ್ಮ ಬರಹ ಒಂದೇ ಸಾಲಿನಲ್ಲಿ ಮುಗಿಸಿತ್ತು. 'ಸಂಪೂರ್ಣ ಗುಣವಾಗುವ ಔಷಧಿ ಇಲ್ಲ' ಎಂದು. ನಿಜ, ಬಿಪಿಗೂ ಇಲ್ಲ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಅದರಲ್ಲೇ ಸೇರಿವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಎಆರ್‌ಟಿ ಎಂಬ ಎಚ್‌ಐವಿ ಚಿಕಿತ್ಸೆಯ ಕೇಂದ್ರ ಇದೆ, ಮಾತ್ರೆ ಅಲ್ಲಿ ಪುಕ್ಕಟೆ. ಆರೋಗ್ಯ ಸ್ಥಿರವಾಗಿ ನಿಂತವರಿಗೆ ಕೆಲವು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಡುತ್ತಾರೆ. ಮಳೆಗಾಲದಲ್ಲಿ ಘಾಟಿ, ಹೊಳೆ ದಾಟಿ ಬರುವವರಿಗೆ ಇದು ದೊಡ್ಡ ಉಪಕಾರ. ಬಿಡದೆ ನುಂಗಿದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾಗಿ ನಿಂತವರಿಂದ ದೇಹಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಬೇಗ ಶುರು ಮಾಡಿದವರು ಎಲ್ಲರಂತೆ ಪೂರ್ತಿ ಆಯಸ್ಸು ಬದುಕಬಹುದು. ಮಧ್ಯದಲ್ಲಿ ಬಿಟ್ಟರೆ ಮಾತ್ರ ವೈರಸ್ ಮತ್ತೆ ಏಳುತ್ತದೆ, ಅದೇ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಮೈ ಸರಿಯಾಯಿತು, ಇನ್ನು ಯಾಕೆ ಎಂದು ನಾಟಿ ಔಷಧಿಗೆ ಹೋಗಿ ಇದನ್ನು ನಿಲ್ಲಿಸುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ, ನಿಲ್ಲಿಸಬೇಡಿ.

ಸಂತೆಯಲ್ಲಿ ಜನ ನನ್ನನ್ನು ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಸೊಳ್ಳೆಯಿಂದ ಬರುವುದಿಲ್ಲ. ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆ, ಎಚ್‌ಐವಿ ಬರುವುದಿಲ್ಲ. ಒಂದೇ ಬಾಳೆಲೆಯಲ್ಲಿ ಉಂಡರೂ, ಒಂದೇ ಲೋಟದಲ್ಲಿ ಕುಡಿದರೂ ಬರುವುದಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಹೇಗೂ ಮತ್ತೆ ಒಂದು ಪುಟ ಮಾಡುತ್ತೀರಿ. ಲಕ್ಷಣಗಳನ್ನು ಬರೆಯಿರಿ, ಬೇಡ ಅನ್ನುವುದಿಲ್ಲ. ಅದರ ಮೇಲೆ, ತಲೆಬರಹದ ಪಕ್ಕದಲ್ಲೇ, ಲಕ್ಷಣ ಇಲ್ಲದಿದ್ದರೂ ಸೋಂಕು ಇರಬಹುದು ಎಂದು ಹಾಕಿ. 72 ಗಂಟೆಯ ಮಾತನ್ನೂ ಮೂರು ತಿಂಗಳ ಮಾತನ್ನೂ ಹಾಕಿ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097 ಹಾಕಿ. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ, ಹತ್ತಿರದ ಐಸಿಟಿಸಿ ಎಲ್ಲಿದೆ ಎಂದು ಹೇಳುತ್ತಾರೆ. ಆಮೇಲೆ ಚಿತ್ರದ ವಿಷಯ. ಪ್ರತಿ ಸಲವೂ ನೀವು ಹಾಕುವುದು ಮೂಳೆ ಚಕ್ಕಳವಾಗಿ ಮಂಚದಲ್ಲಿ ಮಲಗಿದ ಮನುಷ್ಯನ ಚಿತ್ರ. ಅದನ್ನು ನೋಡಿದ ಇಪ್ಪತ್ತೈದರ ಗಟ್ಟಿ ಹುಡುಗ ತನ್ನ ಮೈ ನೋಡಿಕೊಂಡು ಪುಟ ಮಗುಚುತ್ತಾನೆ. ಅವನ ವಯಸ್ಸಿನ, ಅವನ ಹಾಗೇ ಇರುವ ಒಬ್ಬ ಹುಡುಗ ಚೀಟಿ ಹಿಡಿದು ಲ್ಯಾಬಿನ ಮುಂದೆ ಕೂತಿರುವ ಚಿತ್ರ ಹಾಕಿ.

ಹೆಸರು ಪ್ರಕಟಿಸಬೇಡಿ. ಹೆಸರು ಹಾಕಿದರೆ ನಮ್ಮೂರಿನವರು ಈ ಪತ್ರದಲ್ಲಿ ಬಂದವರು ಯಾರ್ಯಾರು ಎಂದು ಸಂಜೆಯೊಳಗೆ ಲೆಕ್ಕ ಹಾಕಿ ಮುಗಿಸುತ್ತಾರೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಶಿಯನ್
ಶಿವಮೊಗ್ಗ ಜಿಲ್ಲೆ